ಯಾಗೊ ಕಾಯಿಗೆ ಅತ್ತವಳು

ಬೆಳಿಗ್ಗೆ ಚಹಾದ ಲೋಟಕ್ಕೆ ಕೈ ಹಾಕಿದಾಗ ಡಾಕ್ಟರ್ ಅಪೊಂಡಿಗೆ ತನ್ನ ಹೆಬ್ಬೆರಳಿನ ಬುಡ ಕಂಡಿತು. ಕಂಡ ಮೇಲೆ ಲೋಟ ಎತ್ತಲಾಗಲಿಲ್ಲ. ಹಾಳು ಅಭ್ಯಾಸ. ಈಚೆಗೆ ಅವಳಿಗೆ ಮನುಷ್ಯರ ಮುಖ ಕಾಣುವುದೇ ನಿಂತುಹೋಗಿದೆ, ಕೈಗಳು ಮಾತ್ರ ಕಾಣುತ್ತವೆ. ಮೊನ್ನೆ ಸಂತೆಯಲ್ಲಿ ಒಣ ಒಮೆನಾ ಮೀನನ್ನು ಡಬ್ಬಿಯಲ್ಲಿ ಅಳೆದು ಸುರಿಯುತ್ತಿದ್ದ ಹೆಂಗಸು, "ಯಾಕಕ್ಕಾ, ಅಳತೆ ಕಮ್ಮಿ ಅನ್ನಿಸ್ತಾ? ನನ್ನ ಕೈನೇ ಯಾಕೆ ಹಾಗೆ ನೋಡ್ತೀಯ?" ಎಂದು ಜಗಳಕ್ಕೇ ಬಂದಿದ್ದಳು. ಅಪೊಂಡಿ ನೋಡುತ್ತಿದ್ದದ್ದು ಅಳತೆಯನ್ನಲ್ಲ, ಚರ್ಮದ ಕೆಳಗೆ ಸಾಲಾಗಿ ಕೂತಿರುವ ಅಂಗೈಯ ಮೂಳೆಗಳನ್ನು, ಡಬ್ಬಿಯ ಕಂಠವನ್ನು ಹೆಬ್ಬೆರಳೂ ತೋರುಬೆರಳೂ ಸೇರಿ ಕಚ್ಚಿ ಹಿಡಿಯುವ ಆ ಸಂದಿಯನ್ನು. ಅದನ್ನು ಹೇಗೆ ಹೇಳುವುದು? ಒಂದು ಡಬ್ಬಿ ಹೆಚ್ಚಿಗೇ ಕೊಂಡು ಬಂದಿದ್ದಳು. ಈಗ ಎದುರಿಗೆ ಕೂತು ಪೇಪರ್ ಮಡಚುತ್ತಿದ್ದ ಗಂಡ ಒಡೊಯೊ, ಅವಳ ಚಹಾ ಕೆನೆಗಟ್ಟುವುದನ್ನು ನೋಡಿ, "ಶನಿವಾರವೂ ಹೆಣದ ಮನೆ ಕೆಲಸವಾ? ಸರ್ಕಾರ ಏನೂ ಪದಕ ಕೊಡಲ್ಲ ಕಣೆ," ಎಂದ. "ಪದಕಕ್ಕಲ್ಲ," ಎಂದಳು. ಮತ್ತೆ ಯಾವುದಕ್ಕೆ ಎಂದು ಅವನು ಕೇಳಲಿಲ್ಲ.

ಇಂದು ಅವಳು ಒಂದು ಕೈಯನ್ನು ಅದರ ತಾಯಿಗೆ ಮುಟ್ಟಿಸಬೇಕಾಗಿತ್ತು. ಸರೋವರದ ಆಚೆಯ ಗುಡ್ಡದಲ್ಲಿ, ಮಂಜು ಕವಿದ ಒಂದು ಬೆಳಿಗ್ಗೆ, ಇಬ್ಬರು ಪೈಲಟ್‌ಗಳಿದ್ದ ಸಣ್ಣ ವಿಮಾನವೊಂದು ಪ್ರಯಾಣಿಕರ ಸಮೇತ ಬಿದ್ದು ಹೊತ್ತಿಕೊಂಡಿತ್ತು. ಸತ್ತವರನ್ನೆಲ್ಲ ತಂದದ್ದು ಸರೋವರದ ದಂಡೆಯ ಕಿಸುಮು ಪಟ್ಟಣದ ಅವಳ ಶವಾಗಾರಕ್ಕೆ. ಒಬ್ಬೊಬ್ಬರನ್ನೇ ಹಲ್ಲಿನಿಂದ, ಹಳೆಯ ಮೂಳೆಮುರಿತದಿಂದ, ಮಕ್ಕಳ ರಕ್ತದಿಂದ ಗುರುತು ಹಿಡಿದು ಕೊಟ್ಟಾಗಿತ್ತು. ಕಿರಿಯ ಪೈಲಟ್ ಒಬಿಯೆರೊ ಮಾತ್ರ ಸಿಕ್ಕಿರಲಿಲ್ಲ. ವಿಮಾನದ ಮೂತಿಯಲ್ಲಿ ಅವನು ಕೂತಿದ್ದ ಬದಿ ಉರಿದು ಕಮರಿಯ ಕೆಸರಲ್ಲಿ ಹೂತುಹೋಗಿತ್ತು. ಅದನ್ನು ಸರಪಳಿ ಹಾಕಿ ಎಳೆಯುವ ಹೊತ್ತಿಗೆ ಮಳೆಗಾಲ ಕಳೆದಿತ್ತು. ಆಮೇಲೆ ಸಿಕ್ಕಿದ್ದು, ನುಜ್ಜುಗುಜ್ಜಾದ ತಗಡಿನ ನಡುವೆ ಸುಟ್ಟ ಒಂದು ಬಲಗೈ. ಮಣಿಕಟ್ಟಿಗಿಂತ ನಾಲ್ಕು ಬೆರಳು ಮೇಲಿನವರೆಗೆ. ಮೊದಲ ವಾರವೇ ತಾಯಿಯ ಕೆನ್ನೆಯೊಳಗಿಂದ ಹತ್ತಿಯಲ್ಲಿ ಒರೆಸಿ ತೆಗೆದಿಟ್ಟ ಎಂಜಲಿನ ಡಿಎನ್ಎಗೂ ಈ ಕೈಗೂ ತಾಳೆಯಾಯಿತು. ಒಬಿಯೆರೊ ಎಂಬವನಲ್ಲಿ ಈ ಲೋಕದಲ್ಲಿ ಉಳಿದದ್ದು ಅಷ್ಟು. ಯಾರೂ ಕೇಳದೆ ಉಳಿದ ಅಂಗಗಳನ್ನು ಸೋಮವಾರ ನಗರಸಭೆಯ ಸಾಮೂಹಿಕ ಗುಂಡಿಗೆ ಹಾಕುತ್ತಾರೆ, ಅದು ನಿಯಮ. ಇವತ್ತು ತಾಯಿ ತೆಗೆದುಕೊಂಡರೆ ಮಗನ ಕೈ ಮಗನ ಮನೆಯ ಮಣ್ಣಿಗೆ, ಇಲ್ಲದಿದ್ದರೆ ಹೆಸರಿಲ್ಲದವರ ಜೊತೆಗೆ.

ಮೂಳೆ ಸುಳ್ಳು ಹೇಳುವುದಿಲ್ಲ ಎಂದು ಕಲಿಸಿದ್ದರು. ನಿಜವೇ, ಹೇಳುವುದಿಲ್ಲ, ಆದರೆ ಕೇಳಿದ್ದಕ್ಕೆಲ್ಲ ಬಾಯಿಯನ್ನೂ ಬಿಡುವುದಿಲ್ಲ. ಸುಮ್ಮನೆ ತೊಡೆಯ ಮೇಲಿಟ್ಟುಕೊಂಡ ಕೈ ವಿಮಾನ ಅಪ್ಪಳಿಸುವಾಗ ಎತ್ತಲೋ ಹಾರಿ, ಎಲ್ಲೋ ಬಡಿದು, ಹೇಗೆಂದರೆ ಹಾಗೆ ಮುರಿಯುತ್ತದೆ. ಏನನ್ನಾದರೂ ಬಿಗಿಯಾಗಿ ಹಿಡಿದ ಕೈ ಹಾಗೆ ಮುರಿಯುವುದಿಲ್ಲ. ಪೆಟ್ಟು ಹಿಡಿದ ವಸ್ತುವಿನಿಂದಲೇ ಒಳಕ್ಕೆ ಬರುತ್ತದೆ: ಹೆಬ್ಬೆರಳಿನ ಬುಡದ ಮೂಳೆ ಸೀಳುತ್ತದೆ, ಅಂಗೈಯ ಮೂಳೆಗಳು ಒಂದರ ಪಕ್ಕ ಒಂದು ಒಂದೇ ಗೆರೆಯಲ್ಲಿ ತುಂಡಾಗುತ್ತವೆ, ಬೆರಳಸಂದಿಯ ಚರ್ಮ ಹರಿಯುತ್ತದೆ. ಒಬಿಯೆರೊನ ಕೈಯಲ್ಲಿ ಇದೆಲ್ಲವೂ ಇತ್ತು, ಪಾಠ ಹೇಳುವವರು ಚಿತ್ರ ಬರೆದುಕೊಟ್ಟಷ್ಟು ಸ್ಪಷ್ಟವಾಗಿ. ಹಿರಿಯ ಪೈಲಟ್ ಕ್ಯಾಪ್ಟನ್ ಮುಗೊನ ಕೈಗಳು ಕರಕಲಾಗಿದ್ದವು, ಮೂಳೆ ಮಾತ್ರ ಮುರಿದಿರಲಿಲ್ಲ. ವಿಮಾನ ನಡೆಸುವ ಹಿಡಿಯನ್ನು ಅವನು ಹಿಡಿದಿರಲಿಲ್ಲ. ಯಾಕೆ ಹಿಡಿದಿರಲಿಲ್ಲ? ಹುಡುಗನಿಗೆ ಒಪ್ಪಿಸಿದ್ದನೋ, ಎದೆನೋವು ಬಂದು ಒರಗಿದ್ದನೋ, ಗುಡ್ಡ ಕಂಡು ಮುಖ ಮುಚ್ಚಿಕೊಂಡನೋ. ಅವನ ಹೃದಯವನ್ನು ಅವಳು ಎಷ್ಟು ತೆಳ್ಳಗೆ ಕೊಯ್ದು ನೋಡಿದರೂ ಬೆಂಕಿ ಬೇಯಿಸಿದ ಮಾಂಸ ಏನನ್ನೂ ಹೇಳಲಿಲ್ಲ. ಕಿರಿಯವನು ಬಿಗಿಹಿಡಿದಿದ್ದ, ಅಷ್ಟೆ ಗೊತ್ತು. ಬೀಳಿಸುತ್ತಿದ್ದನೋ, ಬೀಳುವುದನ್ನು ಎತ್ತುತ್ತಿದ್ದನೋ, ಎರಡಕ್ಕೂ ಹಿಡಿತ ಒಂದೇ, ಮುರಿತವೂ ಒಂದೇ.

ತನಿಖಾ ಸಮಿತಿಯವನು ಫೋನಿನಲ್ಲಿ, "ಮೇಡಂ, ಇಷ್ಟುದ್ದ ಬೇಡ. ಅಪ್ಪಳಿಸುವ ಹೊತ್ತಿಗೆ ವಿಮಾನ ಆ ಹುಡುಗನ ಕೈಯಲ್ಲಿತ್ತಾ, ಇಲ್ವಾ?" ಎಂದಿದ್ದ. "ಅವನು ಹಿಡಿದಿದ್ದ, ಆದರೆ..." ಎಂದರೆ, "ಆದರೆ ಅನ್ನೋದನ್ನ ನಾವು ನೋಡ್ಕೋತೀವಿ," ಎಂದು ಇಟ್ಟುಬಿಟ್ಟ. ವರದಿಯಲ್ಲಿ ಅವಳು 'ಆದರೆ'ಯನ್ನೂ ಬರೆದಳು, ಒಂದಿಡೀ ಪುಟ. ಪತ್ರಿಕೆಯಲ್ಲಿ ಬಂದದ್ದು ಒಂದೇ ಸಾಲು: ವಿಮಾನ ಕಿರಿಯ ಪೈಲಟ್ ಕೈಯಲ್ಲಿತ್ತು. ಗಂಡ ಅದನ್ನು ಗಟ್ಟಿಯಾಗಿ ಓದಿ, "ನಿನ್ನ ಹೆಸರೂ ಹಾಕಿದಾರೆ," ಎಂದಾಗ ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಕೂತಿದ್ದಳು. ನಾನು ಬರೆದದ್ದರಲ್ಲಿ ಸುಳ್ಳೇನಿದೆ? ಒಂದಕ್ಷರ ಇಲ್ಲ. ಇದ್ದಿದ್ದರೆ ತಿದ್ದಬಹುದಿತ್ತು.

ಇದಕ್ಕಿಂತ ಮುಳ್ಳಾಗಿ ಚುಚ್ಚುತ್ತಿದ್ದದ್ದು ಬೇರೆ ಮಾತು, ಬರೆದದ್ದಲ್ಲ, ಆಡಿದ್ದು. ಆ ಮೊದಲ ವಾರಗಳಲ್ಲಿ ಶವಾಗಾರದ ಗೇಟಿನ ಹೊರಗೆ ಜನ ಜಾತ್ರೆಯ ಹಾಗೆ ಕೂತಿರುತ್ತಿದ್ದರು, ದಿನವೂ ಒಂದಿಷ್ಟು ಮಂದಿ ತಮ್ಮವರನ್ನು ಕೊಂಡೊಯ್ದು ಕರಗುತ್ತಿದ್ದರು. ಕೊನೆಗೆ ಉಳಿದವಳು ದೊರ್ಸಿಲಾ, ಒಬಿಯೆರೊನ ತಾಯಿ, ಕೊಬೂರ ಎಂಬ ಮೀನುಗಾರರ ಊರಿನವಳು. ಗೋಡೆಯ ನೆರಳಲ್ಲಿ ಲೆಸೊ ಬಟ್ಟೆ ಹಾಸಿಕೊಂಡು, ಫ್ಲಾಸ್ಕಿನಲ್ಲಿ ಅಂಬಲಿ ಇಟ್ಟುಕೊಂಡು ಕೂತಿರುತ್ತಿದ್ದಳು. ಅಪೊಂಡಿ ಹೊರಬಂದಾಗಲೆಲ್ಲ ಎದ್ದು ನಿಲ್ಲುವಳು, ಏನೂ ಕೇಳುತ್ತಿರಲಿಲ್ಲ, ಸುಮ್ಮನೆ ಎದ್ದು ನಿಲ್ಲುವಳು. ಅದೇ ಸಹಿಸಲಾಗದಂತಾಗಿತ್ತು. ಕೇಳಿಬಿಟ್ಟರೆ ಬೈದಾದರೂ ಕಳಿಸಬಹುದು. ಒಂದು ಮಧ್ಯಾಹ್ನ, ಬೆಳಗಿನಿಂದ ನಿಂತು ಪಾದ ಊದಿ, ಹೊಟ್ಟೆ ಹಸಿದು, ಮೂಗಿನಲ್ಲಿ ಆ ವಾಸನೆ ತುಂಬಿಕೊಂಡು ಹೊರಗೆ ಬಂದರೆ ಮತ್ತೆ ಈಕೆ ಎದ್ದು ನಿಂತಳು. "ಅಮ್ಮಾ, ಕಾಯಬೇಡಿ. ಏನೂ ಉಳಿದಿಲ್ಲ, ಊರಿಗೆ ಹೋಗಿ," ಎಂದುಬಿಟ್ಟಳು ಅಪೊಂಡಿ. ದೊರ್ಸಿಲಾ ಮೆತ್ತಗೆ, "ಏನೂ ಅಂದ್ರೆ? ಒಂದು ಹಲ್ಲು?" ಎಂದಳು. "ಏನೂ ಇಲ್ಲಮ್ಮ." ಆಡಬೇಕಾಗಿದ್ದ ಮಾತು 'ಇನ್ನೂ ಸಿಕ್ಕಿಲ್ಲ' ಎಂಬುದು. ಸಿಕ್ಕಿಲ್ಲ ಎಂದಿದ್ದರೆ ಆಕೆ ನಾಳೆಯೂ ಬಂದು ಎದ್ದು ನಿಲ್ಲುತ್ತಿದ್ದಳು. ಕರುಣೆಯಿಂದ ಹೇಳಿದೆ ಎಂದು ಆಗ ತನಗೆ ತಾನೇ ಅಂದುಕೊಂಡಿದ್ದಳು. ಕರುಣೆಯಂತೆ ಕರುಣೆ. ಆ ಮುಖ ತಪ್ಪಿಸಿಕೊಂಡರೆ ಸಾಕಾಗಿತ್ತು. ದೊರ್ಸಿಲಾ ಲೆಸೊ ಕೊಡವಿ, ಮಡಚಿ, "ದೇವರು ನಿನಗೆ ಒಳ್ಳೇದು ಮಾಡ್ಲಿ ಮಗಳೇ, ನಿಜ ಹೇಳಿದೆ," ಎಂದು ಬಸ್ಸಿನ ಕಡೆ ಹೋಗಿದ್ದಳು.

ಕೈ ತಾಳೆಯಾದ ದಿನ ಊರಿಗೆ ಫೋನ್ ಮಾಡಿದರೆ ಎತ್ತಿದವನು ಒಬಿಯೆರೊನ ದೊಡ್ಡಪ್ಪ, ಮುದುಕ ಒಗಾಡಾ. ಕೈ ಎಂದು ಕೇಳಿ, "ಅವನನ್ನ ಮಣ್ಣು ಮಾಡಿ ಆಯ್ತಲ್ಲಮ್ಮ," ಎಂದ. "ಏನನ್ನ ಮಣ್ಣು ಮಾಡಿದಿರಿ?" ಎಂದು ಇವಳು ಕೇಳಿದ್ದು ಎಂಥ ದಡ್ಡ ಪ್ರಶ್ನೆ. "ಯಾಗೊ," ಎಂದ ಮುದುಕ. ಇವಳೂ ಅವರ ಹಾಗೆ ಲುವೋ ಜನದ ಹೆಂಗಸೇ, ಬಿಡಿಸಿ ಹೇಳಬೇಕಾಗಿರಲಿಲ್ಲ. ಸರೋವರದಲ್ಲಿ ಮುಳುಗಿ ಸಿಗದವರಿಗೆ, ಪರದೇಶದಲ್ಲಿ ಕಳೆದವರಿಗೆ ಒಂದು ಯಾಗೊ ಕಾಯಿ ಕೊಯ್ಯುತ್ತಾರೆ. ಮರದಿಂದ ಹಗ್ಗದಷ್ಟುದ್ದ ತೊಟ್ಟಿನಲ್ಲಿ ಜೋತಾಡುವ, ಸೋರೆಕಾಯಿಗಿಂತ ಉದ್ದದ, ಒನಕೆಯಷ್ಟು ತೂಕದ ಕಾಯಿ. ಅದನ್ನು ಬಟ್ಟೆಯಲ್ಲಿ ಸುತ್ತಿ, ಮಲಗಿಸಿ, ಅತ್ತು, ಗೋರಿಯಲ್ಲಿಡುತ್ತಾರೆ. ಇಟ್ಟ ಮೇಲೆ ಅದು ಕಾಯಿಯಲ್ಲ, ಅವನೇ. ಅವಳ ಅಜ್ಜನ ತಮ್ಮ ಬಿಳಿಯರ ಯುದ್ಧಕ್ಕೆಂದು ಬರ್ಮಾಕ್ಕೆ ಹೋದವನು ಅವಳ ತವರೂರು ಅಲೆಗೊದಲ್ಲಿ ಅಜ್ಜಿಯ ಪಕ್ಕ ಹಾಗೇ ಮಲಗಿದ್ದಾನೆ, ಮಕ್ಕಳಾಗಿದ್ದಾಗ ಅದನ್ನು ದಾಟಬಾರದೆಂದು ಹೇಳುತ್ತಿದ್ದರು. ಮಲಗಿದವನನ್ನು ಎರಡನೆಯ ಸಲ ಹೂಳುವಂತಿಲ್ಲ. ಹೂಳಿದರೆ ಗೋರಿ ಬಾಯಿ ಬಿಟ್ಟುಕೊಂಡು ಆ ಮನೆಯ ಮತ್ತೊಬ್ಬನನ್ನು ಕೇಳುತ್ತದೆ. "ದೊರ್ಸಿಲಾಗೆ ಹೇಳ್ತೀರಾ?" ಎಂದಳು. "ಅದನ್ನ ಹೇಳೋ ನಾಲಿಗೆ ನನಗಿಲ್ಲ," ಎಂದ ಮುದುಕ.

ಹಾಗಾಗಿ ತಾನೇ ಹೊರಟಿದ್ದಳು. ಜೀಪು ಓಡಿಸುತ್ತಿದ್ದವನು ಶವಾಗಾರದ ವಾಸೊಂಗಾ. ಹೆಣ ಹೊರುವುದೂ ಅವನೇ, ಹೆಣದ ಮುಂದೆ ತಮಾಷೆ ಮಾಡುವವನೂ ಅವನೇ. ಐಸಿನ ಪೆಟ್ಟಿಗೆ ಅಪೊಂಡಿಯ ಕಾಲಬಳಿ ಇತ್ತು. ಹಿಂದಿನ ಸೀಟಿನಲ್ಲಿಡಿ ಎಂದು ಅವನು ಹೇಳಿದ್ದಕ್ಕೆ ಇವಳು ಒಪ್ಪಿರಲಿಲ್ಲ. ಪ್ರತಿ ಗುಂಡಿಗೂ ಒಳಗಿನ ಐಸು ಗಡಗಡ ಎನ್ನುತ್ತಿತ್ತು.

"ನಿಮಗೆ ಗೊತ್ತಿಲ್ಲದ್ದಾ ಡಾಕ್ಟ್ರೇ?" ಎಂದ ವಾಸೊಂಗಾ. "ಯಾಗೊ ಇಟ್ಟ ಮನೆಗೆ ಈಗ ಇದನ್ನ ತಗೊಂಡು ಹೋಗೋದು ಅಂದ್ರೆ, ಊಟ ಮುಗಿದು ಎಲೆ ಎತ್ತಿದ ಮದುವೆಗೆ ಗಂಡನ್ನ ಕರ್ಕೊಂಡು ಹೋದ ಹಾಗೆ."

"ಅವಳು ತಾಯಿ. ಕೇಳೋ ಹಕ್ಕಿದೆ."

"ಹಕ್ಕು ಅವರಿಗಾ, ಹೇಳೋ ಚಟ ನಿಮಗಾ?" ಎಂದು ನಕ್ಕ. ಆಮೇಲೆ ಅವಳ ಮುಖ ನೋಡಿ, "ತಪ್ಪು ತಿಳ್ಕೋಬೇಡಿ. ನಾನೂ ಈ ಕಡೆಯವನೇ. ನಮ್ಮ ಜನಕ್ಕೆ ಸತ್ತವರ ಭಯ ಇಲ್ಲ, ಎರಡು ಸಲ ಸತ್ತವರ ಭಯ," ಎಂದ.

ಚಟವೇ ಇರಬೇಕು. ಹೋಗಿ ಏನು ಹೇಳಲಿದ್ದೇನೆ? ಅಮ್ಮಾ, ಏನೂ ಇಲ್ಲ ಅಂದಿದ್ದೆನಲ್ಲ, ಇತ್ತು. ತಗೊಳ್ಳಿ. ಆಕೆ ತೆಗೆದುಕೊಂಡರೆ ನನ್ನ ಆ ಮಾತೂ ಅದರ ಜೊತೆ ಮಣ್ಣಾದಂತೆ. ಅಂದರೆ ಈ ಐಸಿನ ಪೆಟ್ಟಿಗೆ ಹೊತ್ತು ಹೊರಟಿರುವುದು ಆಕೆಗೆ ಕೊಡಲಿಕ್ಕಲ್ಲ, ಆಕೆಯಿಂದ ಪಡೆಯಲಿಕ್ಕೆ. ಈ ಯೋಚನೆ ಬಂದದ್ದೇ ಅಪೊಂಡಿಗೆ ನಾಚಿಕೆಯಾಯಿತು, ಕಿಟಕಿಯಾಚೆ ಬಲೆ ಒಣಹಾಕಿದ ದಂಡೆಯನ್ನು ನೋಡುತ್ತ ಕೂತಳು. ಕೊಬೂರದಿಂದಲೇ ಇಬ್ಬರು ಶಾಲೆಯ ಟೀಚರುಗಳು ಆ ವಿಮಾನದಲ್ಲಿದ್ದರು. ಕೊನೆಯದಾಗಿ ರೇಡಿಯೊದಲ್ಲಿ ಕೇಳಿದ್ದು ಒಬಿಯೆರೊನ ದನಿ ಎಂದು ಸುದ್ದಿಯಾಗಿ, ಅವನೇ ಬೀಳಿಸಿದ ಎಂದು ಊರು ಆಗಲೇ ತೀರ್ಪು ಕೊಟ್ಟಿತ್ತು. ಟೀಚರುಗಳ ಸಾವಿಗೆ ನೂರಾರು ಜನ ಸೇರಿದರಂತೆ. ಯಾಗೊ ಹೂಳಿದ ದಿನ ದೊರ್ಸಿಲಾ ಕೊಯ್ಯಿಸಿದ ಹೋರಿಯ ಮಾಂಸ ಉಣ್ಣುವವರಿಲ್ಲದೆ ಹಳಸಿತಂತೆ. ಸಾವಿನ ಮನೆಯಲ್ಲಿ ಉಣ್ಣದೆ ಹೋಗುವುದಕ್ಕಿಂತ ದೊಡ್ಡ ಬೈಗುಳ ಈ ನಾಡಿನಲ್ಲಿಲ್ಲ. ಇದೂ ವಾಸೊಂಗಾನ ವರದಿಯೇ. ಅದರ ಮೇಲೆ ಪತ್ರಿಕೆಯ ಆ ಒಂದು ಸಾಲು ಬೇರೆ, ಗಾಯದ ಮೇಲೆ ಬರೆ.

ದೊರ್ಸಿಲಾಳ ಮನೆಯ ಕಳ್ಳಿಬೇಲಿಯ ನಡುವಿನ ಬಾಗಿಲಲ್ಲಿ ಒಗಾಡಾ ಕಾದು ನಿಂತಿದ್ದ. ತೆಳ್ಳಗಿನ ಮುದುಕ, ಕೋಟು ಹಾಕಿದ್ದ, ಕೆಳಗಿನ ಸಾಲಿನ ಮುಂದಿನ ಹಲ್ಲುಗಳನ್ನು ಹಳೇ ಕಾಲದವರ ಹಾಗೆ ಕೀಳಿಸಿಕೊಂಡಿದ್ದ. ಜೀಪು ಒಳಗೆ ಬರದಂತೆ ಕೈ ಅಡ್ಡ ಹಿಡಿದು ಮೂರು ಸ್ಟೂಲುಗಳನ್ನು ಬೇಲಿಯ ಹೊರಗೇ ಹಾಕಿಸಿದ. ಸರ್ಕಾರಿ ಡಾಕ್ಟರನ್ನು ದಾರಿಬದಿಯಲ್ಲಿ ಕೂರಿಸಿದ್ದನ್ನು ನೋಡಲು ಆಚೆಮನೆಯ ಇಬ್ಬರು ಹೆಂಗಸರು ಕೊಡ ಹೊತ್ತುಕೊಂಡೇ ನಿಂತರು. ಅಪೊಂಡಿ ಪೆಟ್ಟಿಗೆಯನ್ನು ಜೀಪಿನಿಂದ ಇಳಿಸಿ ಸ್ಟೂಲಿನ ಪಕ್ಕ ಇಟ್ಟುಕೊಂಡಳು. ಬಾಗಿಲಾಚೆ ಅಂಗಳದ ಎಡಕ್ಕೆ ಹೊಸಮಣ್ಣಿನ ದಿಬ್ಬ, ಅದರ ಮೇಲೆ ಆಗಲೇ ಹುಲ್ಲು ಚಿಗುರಿದೆ. ಗುಡಿಸಲ ನೆರಳಲ್ಲಿ ಬಲೆ ಹೊಲಿಯುತ್ತಿದ್ದ ಗಂಡಸೊಬ್ಬ ತಲೆಯೆತ್ತಲಿಲ್ಲ. ಒಬಿಯೆರೊನ ತಮ್ಮ ಒಪಾಂಗಾ ಇರಬೇಕು. ತುಂಬಿದ ಬಸುರಿ ಹೆಂಡತಿ ಅವನ ಹಿಂದೆ ಗೋಡೆಗೊರಗಿ ಕೂತಿದ್ದಳು.

"ಅಲೆಗೊ ಮಗಳೇ, ಬೇಜಾರು ಮಾಡ್ಕೋಬೇಡ," ಎಂದ ಒಗಾಡಾ. "ನೀನೊಬ್ಬಳೇ ಬಂದಿದ್ರೆ ಒಳಗೆ ಚಾಪೆ ಹಾಕಿಸ್ತಿದ್ದೆ, ಕೋಳಿ ಕೊಯ್ಸ್ತಿದ್ದೆ. ನಿನ್ನ ಜೊತೆ ಬಂದಿರೋನು ಈ ಬಾಗಿಲು ದಾಟೋ ಹಾಗಿಲ್ಲ."

"ಅವನದೇ ಮನೆಯಲ್ವಾ ಅಜ್ಜಾ?"

"ಅವನು ಮನೇಲೇ ಇದಾನೆ. ಅಗೋ ಮಲಗಿದಾನೆ," ಎಂದು ದಿಬ್ಬದ ಕಡೆ ಗದ್ದ ತೋರಿಸಿದ. "ಹೂಳಿ, ತಲೆ ಬೋಳಿಸಿಕೊಂಡು, ಮನೆ ತೊಳೆದಾಗಿದೆ. ಈಗ ಅವನನ್ನ ಬಾಗಿಲಲ್ಲಿ ತಂದು ನಿಲ್ಲಿಸಿದ್ರೆ, ಒಳಗಿರೋನು ಯಾರು ಹಾಗಾದ್ರೆ? ನೀನೇ ಹೇಳು, ಓದಿದವಳು."

ಆ ಹೊತ್ತಿಗೆ ದೊರ್ಸಿಲಾ ಚಹಾದ ತಟ್ಟೆ ಹಿಡಿದು ಬಂದಳು. ಬೋಳಿಸಿದ ತಲೆಯಲ್ಲಿ ಬಿಳಿಕೂದಲು ಮುಳ್ಳುಮುಳ್ಳಾಗಿ ಬೆಳೆದಿತ್ತು. ಶವಾಗಾರದ ಹೊರಗೆ ಇದ್ದುದಕ್ಕಿಂತ ಕುಳ್ಳಗೆ ಕಂಡಳು. ವಾಸೊಂಗಾನಿಗೂ ಅಪೊಂಡಿಗೂ ಲೋಟ ಕೊಟ್ಟು, ತಾನು ನೆಲದ ಮೇಲೆ ಕೂತು, ಪೆಟ್ಟಿಗೆಯನ್ನು ನೋಡದೆ, "ಕುಡೀರಿ, ಸಕ್ಕರೆ ಹಾಕಿದೀನಿ," ಎಂದಳು. ಅಂದರೆ ಗೊತ್ತಾಗಿದೆ. ಯಾರು ಹೇಳಿದರೋ, ಇಂಥದ್ದು ಊರಲ್ಲಿ ಹೇಗೆ ಮುಚ್ಚಿಡುತ್ತಾರೆ. ಅಪೊಂಡಿ ಲೋಟ ಕೆಳಗಿಟ್ಟಳು. "ಅಮ್ಮಾ, ನಾನು ಅವತ್ತು ಏನೂ ಇಲ್ಲ ಅಂದೆ. ಇನ್ನೂ ಸಿಕ್ಕಿಲ್ಲ ಅನ್ನಬೇಕಾಗಿತ್ತು," ಎಂದಳು. ಇಷ್ಟು ಸಣ್ಣ ಮಾತೇ ಅದು? ಇದಕ್ಕಾಗಿಯೇ ನಿದ್ದೆಗೆಟ್ಟದ್ದೆ?

ದೊರ್ಸಿಲಾ ತಲೆಯಾಡಿಸಿದಳು. "ನೀನು ಹೇಳಿದ ಮೇಲೇ ನಾನು ಒಪ್ಪಿದ್ದು. ಇವರೆಲ್ಲ ಯಾಗೊ ಇಡೋಣ ಅಂತ ಎರಡು ವಾರದಿಂದ ಹೇಳ್ತಿದ್ರು. ನಾನೇ ಬೇಡ ಅಂತಿದ್ದೆ. ಆ ದೊಡ್ಡಾಸ್ಪತ್ರೆ ಡಾಕ್ಟರಮ್ಮ ನೋಡ್ತಿದಾಳೆ, ಹುಡುಕಿ ಕೊಡ್ತಾಳೆ ಅಂತಿದ್ದೆ." ಬಯ್ಯುವ ದನಿಯಿರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತಿದ್ದಳು. "ಯಾವ ಕೈ?"

"ಬಲಗೈ."

"ಅದನ್ನ ನೋಡಿದ್ರೆ ನಿಮಗೆ ಎಲ್ಲ ತಿಳಿಯುತ್ತಂತೆ. ಪೇಪರಲ್ಲಿ ಹಾಕಿದಾರೆ ಅಂತ ಚರ್ಚಿನಲ್ಲಿ ಓದಿ ಹೇಳಿದ್ರು, ನನ್ನ ಕಡೆ ತಿರುಗಿ ಓದಿದ್ರು. ಏನು ತಿಳೀತು ಮಗಳೇ? ನನಗೆ ಹೇಳು. ಅದರಲ್ಲಿ ತೋರಿಸಬೇಡ," ಎಂದಳು, ಪೆಟ್ಟಿಗೆಯ ಕಡೆ ಕಣ್ಣು ಹಾಯಿಸದೆಯೇ. "ಇದರಲ್ಲಿ ತೋರಿಸು." ತನ್ನ ಬಲಗೈ ಚಾಚಿದಳು.

ಅಪೊಂಡಿ ಆ ಕೈಯನ್ನು ತೆಗೆದುಕೊಂಡಳು. ಬೆಚ್ಚಗಿತ್ತು. ಅದೇ ಅವಳನ್ನು ಬೆಚ್ಚಿಬೀಳಿಸಿತು. ಕೈಗಳು ಬೆಚ್ಚಗಿರುತ್ತವೆ ಎಂಬುದನ್ನೇ ಮರೆತಿದ್ದಳು. ಮೀನು ಸೀಳಿ ಸೀಳಿ ಗೀರುಬಿದ್ದ ಬೆರಳು, ಮಗನದೇ ಅಗಲವಾದ ಉಗುರು, ಹೆಬ್ಬೆರಳಿನ ಬುಡದಲ್ಲಿ ಮಗನದೇ ದಪ್ಪಗೆಣ್ಣು. ಸತ್ತವನ ಕೈಯಲ್ಲಿ ಅವಳು ವಾರಗಟ್ಟಲೆ ನೋಡಿದ್ದೆಲ್ಲ ಇಲ್ಲಿ ಜೀವಂತವಾಗಿ ಮಿಡಿಯುತ್ತಿತ್ತು. "ಇಲ್ಲಿ ಸೀಳಿದೆ," ಎಂದು ಹೆಬ್ಬೆರಳಿನ ಬುಡ ಮುಟ್ಟಿದಳು. "ಇಲ್ಲಿ, ಇಲ್ಲಿ, ಇಲ್ಲಿ, ಇಲ್ಲಿ ಮುರಿದಿದೆ, ಒಂದೇ ಸಾಲಲ್ಲಿ. ಇಲ್ಲಿ ಚರ್ಮ ಹರಿದಿದೆ. ವಿಮಾನ ನಡೆಸೋ ಹಿಡಿ ಹೀಗೆ ಕೈಯೊಳಗಿದ್ರೆ ಮಾತ್ರ ಹೀಗಾಗೋದು." ದೊರ್ಸಿಲಾ ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದಳು. ಮುದುಕ ಮುಖ ತಿರುಗಿಸಿಕೊಂಡ.

"ಇಷ್ಟು ಮುರೀಬೇಕಾದ್ರೆ ಎಷ್ಟು ಗಟ್ಟಿ ಹಿಡಿದಿರಬೇಕು?" ಎಂದಳು ದೊರ್ಸಿಲಾ.

"ತುಂಬಾ ಗಟ್ಟಿ. ಕೊನೇವರೆಗೂ ಬಿಟ್ಟಿಲ್ಲ."

"ನೋವಾಯ್ತಾ ಅವನಿಗೆ?"

ಇಲ್ಲಮ್ಮ, ನೋವು ತಟ್ಟುವ ಮೊದಲೇ ಮುಗಿದಿತ್ತು: ಈ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು, ಎಲ್ಲ ತಾಯಂದಿರಿಗೂ ಹೇಳುವ ವಾಕ್ಯ. ಎದೆಗೂಡು ಸಿಕ್ಕಿದ್ದರೆ, ಉಸಿರ್ನಾಳ ಸಿಕ್ಕಿದ್ದರೆ, ಅದರಲ್ಲಿ ಮಸಿ ಇದೆಯೋ ಇಲ್ಲವೋ ನೋಡಿ, ಬೆಂಕಿ ಹತ್ತುವಾಗ ಅವನು ಉಸಿರಾಡುತ್ತಿದ್ದನೇ ಎಂದು ಹೇಳಬಹುದಿತ್ತು. ಸಿಕ್ಕಿದ್ದು ಕೈ ಒಂದೇ. "ಗೊತ್ತಿಲ್ಲಮ್ಮ," ಎಂದಳು.

"ಅವತ್ತು ಎಲ್ಲ ಗೊತ್ತಿತ್ತು ನಿನಗೆ." ಈಗಲೂ ಬೈಗುಳದ ದನಿಯಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇರಲಿ. ಇನ್ನೊಂದು ಹೇಳು. ಆ ಟೀಚರಮ್ಮನೋರ ಮಕ್ಕಳು ದಿನಾ ಈ ದಾರೀಲೇ ಶಾಲೆಗೆ ಹೋಗ್ತವೆ. ನನ್ನನ್ನ ಕಂಡ್ರೆ ಆಚೆ ಬದಿಗೆ ದಾಟ್ತವೆ. ನನ್ನ ಮಗ ಬೀಳಿಸಿದನಾ?"

"ಮೂಳೆ ಅದನ್ನ ಹೇಳಲ್ಲಮ್ಮ. ಎತ್ತೋಕೆ ಎಳೀತಿದ್ರೂ ಹೀಗೇ ಮುರಿಯುತ್ತೆ. ಅದನ್ನೂ ಬರೆದಿದ್ದೆ. ಅವರು ಹಾಕಲಿಲ್ಲ."

"ಎತ್ತೋಕೆ," ಎಂದಳು ದೊರ್ಸಿಲಾ. ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವಳ ಬೆರಳುಗಳು ತಾವಾಗಿ ಮೆಲ್ಲಗೆ ಮುಚ್ಚಿಕೊಂಡು ಅಪೊಂಡಿಯ ಎರಡು ಬೆರಳನ್ನು ಹಿಡಿದವು, ಇನ್ನೂ ಬಿಗಿಯಾದವು, ನೋಯುವಷ್ಟು. ಚಹಾ ತಣ್ಣಗಾಯಿತು. ಈಗ ಕೇಳುತ್ತಾಳೆ, ಪೆಟ್ಟಿಗೆ ಇತ್ತ ಕೊಡು ಎನ್ನುತ್ತಾಳೆ, ಮುದುಕ ಬೇಡವೆಂದರೂ ತಾಯಿ ಕೇಳುತ್ತಾಳೆಯೇ ಎಂದು ಅಪೊಂಡಿ ಇನ್ನೊಂದು ಕೈಯನ್ನು ಮುಚ್ಚಳದ ಮೇಲಿಟ್ಟುಕೊಂಡು ಕಾದಳು.

"ವಾಪಸ್ ತಗೊಂಡು ಹೋಗು," ಎಂದಳು ದೊರ್ಸಿಲಾ.

"ಅಮ್ಮಾ, ಸೋಮವಾರ ಇದನ್ನ ಯಾರ್ಯಾರದೋ ಜೊತೆ ಗುಂಡಿಗೆ ಹಾಕಿಬಿಡ್ತಾರೆ. ಇದು ನಿಮ್ಮ ಮಗನದು. ಅನುಮಾನವೇ ಇಲ್ಲ."

"ನನಗೂ ಅನುಮಾನ ಇಲ್ಲ." ಆಕೆ ಹೊರಳಿ, ಗುಡಿಸಲ ನೆರಳಲ್ಲಿ ಬಲೆ ಹೊಲಿಯುತ್ತಿದ್ದವನ ಕಡೆ ನೋಡಿದಳು. ಒಪಾಂಗಾ ಸೂಜಿ ನಿಲ್ಲಿಸಿ ಇತ್ತಲೇ ನೋಡುತ್ತಿದ್ದ. ಹೆಂಡತಿ ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡಿದ್ದಳು. "ನನಗೆ ಇನ್ನೊಬ್ಬ ಇದಾನೆ. ದಿನಾ ನೀರಿಗಿಳೀತಾನೆ. ನಾಳೆ ಗಾಳಿ ಎದ್ದು ದೋಣಿ ಮಗುಚಿತು ಅಂತಿಟ್ಟುಕೋ. ಸುಮ್ಮನೆ ಗಾಳಿಗೇ ಮಗುಚಿರಬಹುದು. ಆದ್ರೆ ಆ ಹುಡುಗಿ ಸಾಯೋವರೆಗೂ ನನ್ನ ಮುಖ ನೋಡಿ ಅಂದ್ಕೋತಾಳೆ, ಇವಳು ಸತ್ತ ಮಗನ ಆಸೆಗೆ ನನ್ನ ಗಂಡನ್ನ ಕೊಟ್ಟಳು ಅಂತ. ನಾನೂ ಅಂದ್ಕೋತೀನಿ." ಸ್ವಲ್ಪ ತಡೆದು, "ಇನ್ನೊಂದು ಏನು ಗೊತ್ತಾ? ಆ ಯಾಗೊನ ನಾನೇ ಬಟ್ಟೇಲಿ ಸುತ್ತಿದೆ. ತೊಡೆ ಮೇಲೆ ಮಲಗಿಸಿಕೊಂಡೆ. ಸಣ್ಣವನಿದ್ದಾಗ ಹೊಡೆದಿದ್ದೆ, ಶಾಲೆಗೆ ಬೂಟು ಕೊಡಿಸ್ಲಿಲ್ಲ, ಹೋಗೋ ದಿನ ಕೋಪ ಮಾಡ್ಕೊಂಡಿದ್ದೆ, ಎಲ್ಲ ಅದಕ್ಕೆ ಹೇಳ್ಕೊಂಡೆ. ಊರವರು ಯಾರೂ ಬರಲಿಲ್ಲ, ನಾನೊಬ್ಬಳೇ ಅತ್ತೆ, ಊರಷ್ಟು ಅತ್ತೆ. ಅಳೋದೆಲ್ಲ ಅದಕ್ಕೇ ಅತ್ತುಬಿಟ್ಟೆ ಮಗಳೇ. ಇವನಿಗೆ ಏನು ಕೊಡ್ಲಿ ಈಗ?"

ಅಪೊಂಡಿಯ ಒಳಗಿಂದ ಏನೋ ಕಿತ್ತುಕೊಂಡು ಬಂತು. ಇಷ್ಟು ವರ್ಷಗಳ ಕೆಲಸದಲ್ಲಿ ಒಮ್ಮೆಯೂ ಬಾರದ್ದು, ಸಾವಿನ ಮನೆಯ ಬಾಗಿಲಲ್ಲಿ ಹೆಂಗಸರು ತಲೆಯ ಮೇಲೆ ಕೈಯಿಟ್ಟು ಎಬ್ಬಿಸುವ ಆ ಕೂಗು, ಅವಳ ತಾಯಿ, ಅಜ್ಜಿ ಎಲ್ಲರಿಗೂ ಗೊತ್ತಿದ್ದ ಕೂಗು, ಅವಳಿಗೂ ಗೊತ್ತಿದೆ ಎಂದು ಅವಳಿಗೇ ಗೊತ್ತಿರದಿದ್ದ ಕೂಗು. ಅದರ ಮೊದಲ ಎಳೆ ಹೊರಬಿದ್ದಿತ್ತೋ ಇಲ್ಲವೋ, ದೊರ್ಸಿಲಾ ಮೊಣಕಾಲ ಮೇಲೆ ಎದ್ದು ಅವಳ ಬಾಯಿಯನ್ನು ಅಂಗೈಯಿಂದ ಒತ್ತಿ ಮುಚ್ಚಿದಳು. ಆಚೆಮನೆಯ ಹೆಂಗಸರು ಕೊಡ ಕೆಳಗಿಟ್ಟರು.

"ಇಲ್ಲಿ ಬೇಡ," ಎಂದಳು ದೊರ್ಸಿಲಾ, ಕಿವಿಯ ಹತ್ತಿರ. "ಈ ಬಾಗಿಲಲ್ಲಿ ಕೂಗಿದ್ರೆ ಇನ್ಯಾರೋ ಸತ್ರು ಅಂತ ಊರೆಲ್ಲ ಓಡಿ ಬರುತ್ತೆ. ಅವನಿಗೆ ಬಾರದವರು ಈಗ ಬರೋದು ಬೇಡ. ನುಂಗು. ನುಂಗಬಹುದು, ನಾನು ನುಂಗಿಲ್ವಾ?"

ಅಪೊಂಡಿ ಆ ಅಂಗೈಯೊಳಗೇ ಉಸಿರಾಡುತ್ತ ನುಂಗಿದಳು. ಸೋಪು, ಮೀನು, ಚಹಾಸೊಪ್ಪಿನ ವಾಸನೆ. ಇಷ್ಟು ವಯಸ್ಸಾದ ತನ್ನನ್ನು, ಸಮಾಧಾನ ಹೇಳಲು ಬಂದ ತನ್ನನ್ನು, ಮಗ ಸತ್ತವಳು ಸಮಾಧಾನ ಮಾಡುತ್ತಿದ್ದಾಳೆ. ಇದಕ್ಕಿಂತ ಅವಮಾನವಿಲ್ಲ, ಇದಕ್ಕಿಂತ ಹಿತವೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೈ ಸಡಿಲವಾಯಿತು. ಒಗಾಡಾ ಎದ್ದು, ಕೋಟಿನ ಗುಂಡಿ ಹಾಕಿಕೊಂಡು, "ಕತ್ತಲಾಗೋ ಮುಂಚೆ ಹಳ್ಳ ದಾಟಿಬಿಡಿ," ಎಂದು ವಾಸೊಂಗಾನಿಗೆ ಹೇಳಿದ. ವಾಸೊಂಗಾ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ, ಈ ಸಲ ಯಾರೂ ಹೇಳದೆಯೇ, ಮುಂದಿನ ಸೀಟಿನ ಕಾಲಬಳಿಯೇ ಇಟ್ಟ.

ಅಪೊಂಡಿ ಹತ್ತಿ ಕೂತ ಮೇಲೆ ದೊರ್ಸಿಲಾ ಜೀಪಿನ ಕಿಟಕಿಗೆ ಬಂದಳು. ಆಗ ಮೊದಲ ಸಲ ಪೆಟ್ಟಿಗೆಯನ್ನು ನೋಡಿದಳು, ಅಳತೆ ನೋಡುವಂತೆ ಈ ತುದಿಯಿಂದ ಆ ತುದಿಯವರೆಗೆ.

"ಈಗ ಹೇಗಿದೆ ಅದು? ಬೆರಳು ಬಿಚ್ಚಿದೆಯಾ, ಮುಚ್ಚಿದೆಯಾ?"

"ಮುಚ್ಚಿದೆ."

"ಇನ್ನೂ ಹಿಡಿದುಕೊಂಡಿದಾನೆ," ಎಂದಳು. ಸರೋವರದ ಕಡೆಯಿಂದ ಗಾಳಿ ಬಂದು ಅವಳ ಲೆಸೊ ಎಳೆದಾಡಿತು, ಹಲ್ಲಿನಲ್ಲಿ ಸೆರಗು ಕಚ್ಚಿ ಹಿಡಿದು, ಬಿಟ್ಟು, ಮತ್ತೆ ಹೇಳಿದಳು. "ಗುಂಡಿಗೆ ಹಾಕೋರಿಗೆ ಬಿಡಬೇಡ, ನೀನೇ ಇಡು. ಇಡೋ ಮುಂಚೆ ಬೆರಳು ಬಿಡಿಸು. ಒಂದೊಂದಾಗಿ, ಮೆಲ್ಲಗೆ. ಸಾಕು ಬಿಡು ಅಂತ ಅಮ್ಮ ಹೇಳಿದಳು ಅನ್ನು. ಬಿಡಿಸ್ತೀಯಲ್ವಾ?"

ಬೆಂಕಿ ಮುಚ್ಚಿಸಿದ ಮುಷ್ಟಿ ಅದು. ಬಿಸಿಗೆ ಸ್ನಾಯು ಸೆಟೆದು, ಬೆಂದು, ಒಂದೇ ಗಂಟಾಗಿದೆ. ಹಿಡಿದವನದೂ ಹಾಗೇ ಮುಚ್ಚುತ್ತದೆ, ಹಿಡಿಯದವನದೂ ಹಾಗೇ ಮುಚ್ಚುತ್ತದೆ, ಕ್ಯಾಪ್ಟನ್ ಮುಗೊನದೂ ಹಾಗೇ ಮುಚ್ಚಿತ್ತು. ಬಿಡಿಸಲು ಹೋದರೆ ಬೆರಳು ಬರುವುದಿಲ್ಲ, ಮುರಿಯುತ್ತದೆ. ಇದು ಡಾಕ್ಟರ್ ಅಪೊಂಡಿಗೆ ಖಂಡಿತವಾಗಿ ಗೊತ್ತಿತ್ತು, ಅನುಮಾನವೇ ಇರಲಿಲ್ಲ.

"ಬಿಡಿಸ್ತೀನಮ್ಮ," ಎಂದಳು. "ಒಂದೊಂದಾಗಿ."